ಎಡಗಡೆ ಇಲ್ಲದ ಪ್ರದಕ್ಷಿಣೆ

ಎಲೆಯ ಎಡತುದಿಗೆ ಮೊದಲು ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಬಲಗಡೆಯ ಕೆಳಮೂಲೆಗೆ ಪಾಯಸ. ನಾನು ಸೊಸೆಯಾಗಿ ಬಂದ ದಿನದಿಂದ ನಮ್ಮ ಮನೆಯಲ್ಲಿ ನಡೆದು ಬಂದಿರುವ ಕ್ರಮ ಇದು. ಆ ವರ್ಷ ಗೌರಿಹಬ್ಬಕ್ಕೂ ಅತ್ತೆ ಹಾಗೆಯೇ ಬಡಿಸಿದರು. ನಮ್ಮ ಯಜಮಾನರು ಪಾಯಸ ಮುಗಿಸಿದರು, ಅನ್ನದ ಬಲಭಾಗ ಮುಗಿಸಿದರು. ಯಾರೋ ಗೆರೆ ಎಳೆದು ಕೊಯ್ದ ಹಾಗೆ ಗುಡ್ಡೆಯನ್ನು ಅರ್ಧಕ್ಕೆ ನಿಲ್ಲಿಸಿ, ತಲೆಯೆತ್ತಿ, "ಯಾಕವ್ವ, ಇವತ್ತು ಉಪ್ಪೇ ಬಡಿಸಿಲ್ಲ. ಪಲ್ಯನೂ ಇಲ್ಲ" ಎಂದರು.

ಅತ್ತೆಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಐವತ್ತು ವರ್ಷ ಆಯ್ತು ಎಲೆ ಹಾಕ್ತಾ. ಉಪ್ಪು ಮರೀತೀನೇನೋ ನಾನು? ಅಲ್ಲೇ ಐತಲ್ಲೋ, ಕಣ್ಣು ಬಿಟ್ಟು ನೋಡು."

ಅವರು ನೋಡಿದರು. ನೋಡಿದ್ದು ಬಲಗಡೆಗೆ. "ಎಲ್ಲೈತೆ?" ಎಂದರು.

ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ತಾಯಿ ಮಗನ ಜಗಳ ಬಿಡಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಪಾತ್ರೆ ಕೆಳಗಿಟ್ಟು, ಬಗ್ಗಿ, ಎಲೆಯನ್ನು ಅರ್ಧ ಸುತ್ತು ತಿರುಗಿಸಿದೆ. ಊಟಕ್ಕೆ ಕೂತವರ ಎಲೆ ತಿರುಗಿಸಬಾರದು ಎಂದು ಅತ್ತೆ ಗೊಣಗಿದರು. ತಿರುಗಿಸಿದ್ದೇ ತಡ, ಉಪ್ಪು ಬಂತು, ಉಪ್ಪಿನಕಾಯಿ ಬಂತು, ಪಲ್ಯ ಬಂತು, ಅರ್ಧ ಗುಡ್ಡೆ ಅನ್ನ ಬಂತು. "ಹೂಂ, ಈಗ ಬಡಿಸಿದ್ರಲ್ಲ" ಎಂದು ಅವರು ಊಟ ಮುಂದುವರಿಸಿದರು.

ಅವರು ಹಳೇಬೀಡಿನ ದೇವಸ್ಥಾನದಲ್ಲಿ ಮೂವತ್ತು ವರ್ಷದಿಂದ ಗೈಡ್. ನಾನು ಅರಸೀಕೆರೆಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಆ ಶ್ರಾವಣದಲ್ಲಿ ಒಂದು ದಿನ ಅವರು ಹಲ್ಲುಜ್ಜುತ್ತಾ ಬಚ್ಚಲಲ್ಲೇ ಕುಸಿದರು. ಸ್ಟ್ರೋಕ್ ಎಂದರು. ಹಾಸನದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದೆವು. ಎಡಗೈ, ಎಡಗಾಲು ಮೊದಮೊದಲು ಮಾತು ಕೇಳುತ್ತಿರಲಿಲ್ಲ, ಆಮೇಲೆ ನಿಧಾನವಾಗಿ ಹತೋಟಿಗೆ ಬಂದವು. ಬಾಯಿಗೆ ಏನೂ ಆಗಿರಲಿಲ್ಲ. ಗೈಡ್‌ಗೆ ಮಾತು ಉಳಿಯಿತಲ್ಲ, ದೇವರು ದೊಡ್ಡವನು ಎಂದು ಅತ್ತೆ ಹರಕೆ ತೀರಿಸಿದರು.

ಆಸ್ಪತ್ರೆಯಿಂದ ಹೊರಡುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಕಣ್ಣಿಗೆ ಏನೂ ಆಗಿಲ್ಲ ಮೇಡಂ. ಪೆಟ್ಟು ಬಿದ್ದಿರೋದು ಮೆದುಳಿನ ಬಲಭಾಗಕ್ಕೆ. ಅವರಿಗೆ ಎಡಗಡೆ ಕಾಣಲ್ಲ ಅಂತಲ್ಲ. ಎಡಗಡೆ ಅನ್ನೋದೇ ಅವರ ಪಾಲಿಗೆ ಇಲ್ಲ. ತುಂಬಾ ಜನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿ ಹೋಗುತ್ತೆ. ನೀವು ಬಯಾಲಜಿಯವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ" ಎಂದರು. ನಾನು ತಲೆಯಾಡಿಸಿದೆ. ಬಯಾಲಜಿಯವರು ಎಂದರಲ್ಲ, ಆ ಒಂದು ಮಾತಿನ ಮರ್ಯಾದೆ ಉಳಿಸಲು ತಲೆಯಾಡಿಸಿದ್ದು, ಅಷ್ಟೇ.

ಇಪ್ಪತ್ತಾರು ವರ್ಷ ಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದವಳು ನಾನು. ಕೊನೆಗೆ ಪ್ರತಿವರ್ಷ ಒಂದು ವಾಕ್ಯ ಬರೆಸುತ್ತೇನೆ. ಕಣ್ಣು ನೋಡುವುದಿಲ್ಲ, ಕಣ್ಣು ಬೆಳಕನ್ನು ಹಿಡಿದು ಕಳಿಸುತ್ತದೆ, ನೋಡುವುದು ಮೆದುಳು. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ನಾನೂ ಅದನ್ನು ಹಾಗೆಯೇ ತಿಳಿದಿದ್ದೆ, ಅಂಕಕ್ಕೆ ತಕ್ಕಷ್ಟು. ಅದು ಎದ್ದು ಬಂದು ನಮ್ಮ ನಡುಮನೆಯಲ್ಲಿ ಎಲೆಯ ಮುಂದೆ ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಇನ್ನೊಂದು ಆಟವನ್ನೂ ಆಡಿಸುತ್ತೇನೆ ತರಗತಿಯಲ್ಲಿ. ಬಿಳಿಹಾಳೆಯ ಮೇಲೆ ಎಡಕ್ಕೊಂದು ಕೂಡುವ ಗುರುತು, ಬಲಕ್ಕೊಂದು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ನೋಡುತ್ತಾ ಹಾಳೆಯನ್ನು ಹತ್ತಿರ ತರಬೇಕು. ಒಂದು ಕಡೆ ಬಂದಾಗ ಚುಕ್ಕೆ ಮಾಯ. ಪ್ರತಿಯೊಬ್ಬರ ಕಣ್ಣಿನಲ್ಲೂ ಇರುವ ಕುರುಡು ಚುಕ್ಕೆ ಅದು. "ಚುಕ್ಕೆ ಇದ್ದ ಜಾಗದಲ್ಲಿ ತೂತು ಕಂಡಿತಾ?" ಎಂದು ಕೇಳುತ್ತೇನೆ. "ಇಲ್ಲ ಮಿಸ್, ಬಿಳಿಹಾಳೆನೇ ಕಾಣ್ತದೆ" ಎನ್ನುತ್ತಾರೆ. ತೂತು ಕಾಣುವುದಿಲ್ಲ, ಅದೇ ವಿಷಯ. ಹುಟ್ಟಿದಾಗಿನಿಂದ ಲೋಕದಲ್ಲಿ ಒಂದು ತುಂಡು ಕಡಿಮೆಯಾಗಿದ್ದರೂ ನಮ್ಮಲ್ಲಿ ಯಾರೂ ಕಡಿಮೆಯಾಯಿತು ಎಂದು ದೂರು ಕೊಟ್ಟಿಲ್ಲ. ಇದ್ದಷ್ಟನ್ನೇ ಮೆದುಳು ಪೂರ್ತಿ ಲೋಕ ಎಂದು ಕೈಗಿಡುತ್ತದೆ, ನಾವು ಇಸಿದುಕೊಳ್ಳುತ್ತೇವೆ. ನಮ್ಮ ಯಜಮಾನರದೂ ಹಾಗೆಯೇ. ಅವರದು ದೊಡ್ಡ ತುಂಡು, ಅಷ್ಟೇ ವ್ಯತ್ಯಾಸ.

ಸ್ಟಾಫ್ ರೂಮಿನಲ್ಲಿ ಒಂದು ದಿನ ಇದನ್ನೆಲ್ಲ ಹೇಳಿಕೊಂಡೆ. ಫಿಸಿಕ್ಸ್ ಮೇಷ್ಟರು ಒಳ್ಳೆಯವರು, ಆದರೆ ವಾದಕ್ಕೆ ಸಿಕ್ಕರೆ ಬಿಡುವವರಲ್ಲ.

"ಅಲ್ಲ ಮೇಡಂ, ಎಡಗಡೆ ಅವರಿಗೆ ಇಲ್ಲದಿದ್ರೆ ಏನಂತೆ, ಗೋಡೆ ಗೋಡೆನೇ. ನೋಡೋರಿದ್ರೂ ಇರುತ್ತೆ, ಇಲ್ದಿದ್ರೂ ಇರುತ್ತೆ" ಎಂದರು.

"ಇರುತ್ತೆ ಸಾರ್. ಆದ್ರೆ ಇದೆ ಅಂತ ಹೇಳೋಕೆ ಒಂದು ಜೀವ ಬೇಕಲ್ಲ? ನಿಮ್ಮ ಫಿಸಿಕ್ಸ್ ಶುರುವಾಗೋದು ಜೀವ ಗೋಡೆ ತೋರಿಸಿದ ಮೇಲೆ. ಅಲ್ಲಿವರೆಗೂ ನೀವು ಏನನ್ನ ಅಳೀತೀರಿ?"

"ಹಂಗಂದ್ರೆ ನಾನು ಕಣ್ಮುಚ್ಚಿದ್ರೆ ಪ್ರಿನ್ಸಿಪಾಲ್ರು ಇಲ್ಲ ಅಂತ ಆಯ್ತು."

"ಆ ಭಾಗ್ಯ ನಿಮಗೂ ಇಲ್ಲ, ನನಗೂ ಇಲ್ಲ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ನಾಲ್ಕೂವರೆಯ ಬಸ್ಸಿಗೆ ಓಡಿದೆ. ಮನೆಗೆ ಹೋಗಿ ಮಾತ್ರೆ ಕೊಡಬೇಕಿತ್ತು.

ಒಂದೆರಡು ತಿಂಗಳಲ್ಲಿ ನಮಗೆ ಅಭ್ಯಾಸವಾಗಿಹೋಯಿತು. ಅವರು ಮುಖದ ಬಲಭಾಗವನ್ನಷ್ಟೇ ಕ್ಷೌರ ಮಾಡಿಕೊಳ್ಳುತ್ತಿದ್ದರು, ಅತ್ತೆ ಹೇಳಿ ಕ್ಷೌರಿಕನನ್ನು ಮನೆಗೇ ಕರೆಸತೊಡಗಿದರು. ತಟ್ಟೆಯಲ್ಲಿ ಮುದ್ದೆ, ಸಾರು ಎಲ್ಲವನ್ನೂ ನಾನು ಬಲಗಡೆಗೇ ಇಡತೊಡಗಿದೆ. ನೀರಿನ ಲೋಟ, ಕನ್ನಡಕ, ಫೋನು, ಚಪ್ಪಲಿ ಬಲಕ್ಕೆ ಬಂದವು. ಟಿವಿಯನ್ನೂ ಸರಿಸಿದೆವು. ಮಾತಾಡಬೇಕಾದರೆ ಬಲಗಡೆಗೆ ಹೋಗಿ ನಿಂತು ಮಾತಾಡುವುದು ರೂಢಿಯಾಯಿತು. ಇಡೀ ಮನೆ ಒಂದೇ ಮಗ್ಗುಲಿಗೆ ವಾಲಿಕೊಂಡಿತು. ಅವರು ಈಗ ತಟ್ಟೆ ಖಾಲಿ ಮಾಡುತ್ತಿದ್ದರು, ಕೇಳಿದ ಸಾಮಾನು ಥಟ್ಟನೆ ಕೈಗೆತ್ತಿಕೊಳ್ಳುತ್ತಿದ್ದರು. ನೋಡಿದವರು, ಅಬ್ಬ, ಎಷ್ಟು ಚೆನ್ನಾಗಿ ಚೇತರಿಸಿಕೊಂಡರು ಎನ್ನುತ್ತಿದ್ದರು. ಬರುಬರುತ್ತಾ ನಾನೂ ಅದನ್ನೇ ನಂಬಿದೆ. ವಾಲಿಸಿದವಳು ನಾನೇ ಎಂಬುದು ಮರೆತುಹೋಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಅವರು ಹಠ ಹಿಡಿದರು. ಕೆಲಸಕ್ಕೆ ಹೋಗಬೇಕು. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕೆ ತಾನು ಹುಟ್ಟಿಲ್ಲ, ಗೋಡೆ ತೋರಿಸುವುದಕ್ಕೆ ಹುಟ್ಟಿದವನು ಎಂದರು. ಅದು ನಿಜವೂ ಹೌದು. ಆ ಮನುಷ್ಯನಿಗೆ ಬೇರೆ ಚಟವಿಲ್ಲ, ಬೇರೆ ಗೆಳೆಯರಿಲ್ಲ. ನಾಲ್ಕು ಜನರನ್ನು ಹಿಂದೆ ಹಾಕಿಕೊಂಡು ಆ ಕಲ್ಲುಗಳ ಮುಂದೆ ನಿಂತರೇ ಅವರಿಗೆ ಉಸಿರು. ಅದನ್ನೂ ಕಿತ್ತುಕೊಂಡರೆ ಉಳಿದ ಅರ್ಧವೂ ಹೋಗುತ್ತದೆ ಎಂಬ ಭಯ ನನಗಿತ್ತು.

ಅಲ್ಲಿ ಗೈಡ್‌ಗಳು ಸರದಿಯ ಮೇಲೆ ಕೆಲಸ ಮಾಡುತ್ತಾರೆ. ಆರು ತಿಂಗಳು ಬಾರದೇ ಇದ್ದವರನ್ನು ಸುಮ್ಮನೆ ಸರದಿಗೆ ಸೇರಿಸುವ ಹಾಗಿಲ್ಲ. "ಒಂದು ಸುತ್ತು ನಮಗೇ ತೋರಿಸಿಬಿಡಪ್ಪ, ಆಮೇಲೆ ನೋಡೋಣ" ಎಂದರು ಅವರಲ್ಲಿ ಹಿರಿಯರು. ನಾನೂ ರಜೆ ಹಾಕಿ, ಅವರಿಗೆ ಹೇಳದೆ, ಗುಂಪಿನ ಹಿಂದೆ ಹೋದೆ.

ದೇವಸ್ಥಾನದ ಸುತ್ತ ಗೋಡೆಯ ಆಕಾರಕ್ಕೆ ತಕ್ಕಂತೆ ಮೂಲೆಮೂಲೆಯಾಗಿ ಹೊರಚಾಚಿ ಒಳಸರಿಯುವ ಕಲ್ಲಿನ ಕಟ್ಟೆ ಇದೆ. ಜಗತಿ ಎನ್ನುತ್ತಾರೆ. ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತಾ ಗೋಡೆ ನೋಡಬೇಕು. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುವುದೇ ಪ್ರದಕ್ಷಿಣೆ ತಾನೇ, ನಮ್ಮ ಗೈಡ್‌ಗಳು ಅದನ್ನು ಬಿಟ್ಟು ಬೇರೆ ದಿಕ್ಕಿಗೆ ಯಾರನ್ನೂ ಕರೆದೊಯ್ಯುವುದಿಲ್ಲ. ನಮ್ಮವರು ಶುರುಮಾಡಿದರು. "ಬನ್ನಿ, ಕೆಳಗಿನ ಸಾಲು ನೋಡಿ, ಆನೆ. ಒಂದರ ಹಾಗೆ ಇನ್ನೊಂದಿಲ್ಲ." ಆನೆ ಆಯಿತು, ಸಿಂಹ ಆಯಿತು, ಬಳ್ಳಿ, ಕುದುರೆ, ರಾಮಾಯಣ, ಭಾರತ. ಕೈಲಾಸ ಎತ್ತುತ್ತಿರುವ ರಾವಣನ ಮುಂದೆ ನಿಂತು, ಅವನ ತೋಳಿನ ನರಗಳನ್ನು ಎಣಿಸುವ ಹಾಗೆ ತೋರಿಸಿದರು. ಕುಣಿಯುವ ಗಣಪತಿಯ ಹೊಟ್ಟೆಯ ಸರಪಳಿ, ನರ್ತಕಿಯ ಕೈಬಳೆ, ಒಂದನ್ನೂ ಬಿಡಲಿಲ್ಲ. ಜೊತೆಯ ಗೈಡ್‌ಗಳೆಲ್ಲ ಅವರ ಎಡಕ್ಕೆ ಗುಂಪಾಗಿ ನಡೆಯುತ್ತಾ ತಲೆದೂಗಿದರು. ಪೂರ್ವದ ಕಡೆ ಎಡಕ್ಕೆ ಎರಡು ನಂದಿಮಂಟಪಗಳಿವೆ, ಅವುಗಳ ಬಗ್ಗೆ ಮಾತ್ರ ಅವರು ತುಟಿ ಬಿಚ್ಚಲಿಲ್ಲ. ಗೈಡ್‌ಗಳಿಗೆ ನಂದಿ ತೋರಿಸುವುದೇನು ಎಂದು ಬಿಟ್ಟರು ಎಂದುಕೊಂಡಿತು ಗುಂಪು. ನನಗಂತೂ ಹೊಳೆಯಲೇ ಇಲ್ಲ. ನಾನು ಅಳುತ್ತಿದ್ದೆ.

ಸುತ್ತು ಮುಗಿದ ಮೇಲೆ, ಅವರಿಂದಲೇ ಕೆಲಸ ಕಲಿತ ಕಿರಿಯ ಗೈಡ್ ಒಬ್ಬ ನನ್ನ ಹತ್ತಿರ ಬಂದ. "ಅಕ್ಕಾ, ನೀವು ಓದಿದೋರು. ನೀವೇ ಒಂದು ಮಾತು ಹೇಳಿಬಿಡಿ. ಅಣ್ಣ ಸರಿಯಾಗವ್ರಾ?"

"ಸರಿಯಾಗಿದ್ದಾರೆ" ಎಂದೆ.

ನೋಡಬೇಕಾದ್ದೆಲ್ಲ ಬಲಕ್ಕೇ ಇರುವ ಪರೀಕ್ಷೆ ಅದು. ಪ್ರಪಂಚದಲ್ಲಿ ಎಡವೇ ಇಲ್ಲದ ಮನುಷ್ಯ ನೂರಕ್ಕೆ ನೂರು ತೆಗೆದುಕೊಳ್ಳಬಹುದಾದ ಒಂದೇ ಪರೀಕ್ಷೆ. ಅದನ್ನು ನೋಡಿ, ಮೆದುಳಿನ ಪಾಠ ಮಾಡುವ ನಾನು ಪಾಸು ಎಂದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಆ ಗಾದೆ ನನ್ನಂಥವರಿಗೇ ಮಾಡಿದ್ದು.

ವಾರ ಕಳೆದಿರಲಿಲ್ಲ, ಆ ಕಿರಿಯ ಗೈಡ್ ಮಧ್ಯಾಹ್ನ ಕಾಲೇಜಿಗೆ ಫೋನು ಮಾಡಿದ. ಪ್ರವಾಸಿಗಳು ನಂದಿ ಎಲ್ಲಿ ಎಂದು ಕೇಳಿದರಂತೆ. ಇವರು, ಈ ಕಡೆ ಇಲ್ಲ, ಮುಂದೆ ಬರುತ್ತೆ ಎಂದರಂತೆ. ಕೇಳಿದವರು ನಂದಿಯ ಎದುರೇ ನಿಂತಿದ್ದರು. "ಅದು ಹೋಗ್ಲಿ ಅಕ್ಕಾ. ಕಟ್ಟೆ ಒಳಕ್ಕೆ ತಿರುಗ್ತದಲ್ಲ, ಆ ಮೂಲೇಲಿ ಅಣ್ಣ ನೆಟ್ಟಗೆ ಹೊಂಟುಬಿಟ್ರು. ಒಂದು ಕಾಲು ಗಾಳೀಲಿತ್ತು. ನಾನು ಅಂಗಿ ಹಿಡ್ಕೊಂಡೆ ಅಂತ ಉಳ್ಕಂಡ್ರು. ಯಾಕ್ಲಾ ಎಳೀತೀಯ ಅಂತ ನಂಗೇ ಬೈದ್ರು." ಆಮೇಲೆ, "ಹಿರೀರಿಗೆ ಹೇಳಿದ್ರೆ ಸರದಿಯಿಂದ ತೆಗೀತಾರೆ. ಹೇಳಿಲ್ಲ. ನೀವು ಸರಿಯಾಗವ್ರೆ ಅಂದಿದ್ರಿ" ಎಂದ.

ಫೋನು ಇಟ್ಟ ಮೇಲೆ ನಾನು ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂತೆ. ಬಲಕ್ಕೆ ಗೋಡೆ, ಎಡಕ್ಕೆ ಕಟ್ಟೆಯ ಅಂಚು. ಅಂಚಿನಾಚೆ ಸೊಂಟಕ್ಕಿಂತ ಎತ್ತರದಿಂದ ಕೆಳಗಿನ ಕಲ್ಲುಹಾಸಿಗೆ ಬೀಳಬೇಕು. ಮೂವತ್ತು ವರ್ಷ ಅವರು ನಡೆದ ದಾರಿ, ಇದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಫಿಸಿಕ್ಸ್ ಮೇಷ್ಟರು ಗೆದ್ದರು ಎಂದುಕೊಂಡೆ. ಅಂಚು ಅವರ ಪಾಲಿಗೆ ಇಲ್ಲದಿದ್ದರೂ ಅವರ ಮೂಳೆ ಮುರಿಯಲು ಅದಕ್ಕೆ ಏನೂ ಅಡ್ಡಿಯಿಲ್ಲ.

ಅವರಿಗೆ ಹೇಳಬಾರದಾಗಿತ್ತೇ ಎಂದು ಯಾರಾದರೂ ಕೇಳಬಹುದು. ಹೇಳಿದ್ದೆ. ಐದಾರು ಸಲ ಹೇಳಿದ್ದೆ. "ಗೊತ್ತು ಕಣೇ, ಡಾಕ್ಟ್ರೂ ಹೇಳಿದ್ರು. ಅದು ಆಗ. ಈಗ ಸರಿಹೋಗೈತೆ" ಎನ್ನುತ್ತಿದ್ದರು. ಸುಳ್ಳಲ್ಲ, ಮೊಂಡುತನವಲ್ಲ. ಅವರು ನೋಡಿದಷ್ಟು ಕಡೆ ಎಲ್ಲವೂ ಸರಿಯಾಗಿಯೇ ಇತ್ತು. ತೂತು ಕಾಣದವರಿಗೆ ತೂತಿದೆ ಎಂದು ಹೇಗೆ ತೋರಿಸುವುದು? ತೋರಿಸಬೇಕಾದ ಬೆರಳೂ ಆ ಕಡೆಯೇ ಇರುತ್ತದೆ. ಇನ್ನು ಹಿರಿಯರಿಗೆ ಹೇಳಿ ಸರದಿ ತಪ್ಪಿಸುವ ಧೈರ್ಯ ನನಗೆ ಬರಲಿಲ್ಲ. ಕೊಟ್ಟ ಮಾತನ್ನು ವಾಪಸ್ಸು ತೆಗೆದುಕೊಳ್ಳಲು ನಾಚಿಕೆಯೂ ಆಯಿತು. ಸುಲಭದ ದಾರಿ ಹಿಡಿದೆ. ಗಳಿಕೆ ರಜೆ ಬರೆದು ಕೊಟ್ಟು, ಅವರಿಗೆ ಹೇಳದೆಯೇ ಮಾರನೆಯ ದಿನದಿಂದ ಅವರ ಎಡಕ್ಕೆ, ಅವರಿಗೂ ಅಂಚಿಗೂ ನಡುವೆ ನಡೆಯತೊಡಗಿದೆ.

ದಿನಕ್ಕೆ ಮೂರು ಸುತ್ತು, ಕೆಲವು ದಿನ ನಾಲ್ಕು. ಬಿಸಿಲೇರಿದರೆ ಕಲ್ಲು ಕಾಯುತ್ತದೆ. ಗೋಡೆಯ ನೆರಳಿನಲ್ಲಿ ಅವರು ಮತ್ತು ಪ್ರವಾಸಿಗಳು, ಬಿಸಿಲಿನಲ್ಲಿ ನಾನು. ಅಂಗಾಲು ಸುಟ್ಟು ಬೊಬ್ಬೆ ಬಂತು. ಕಾಲುಚೀಲ ಹಾಕಿಕೊಂಡೆ. ಪ್ರವಾಸಿಗಳು ನನ್ನನ್ನೂ ಪ್ರವಾಸಿ ಎಂದುಕೊಂಡು ಫೋಟೋ ತೆಗೆಯಲು ಫೋನು ಕೊಡುತ್ತಿದ್ದರು. ಅವರ ಮೊಳಕೈ ನನಗೆ ತಾಗುವಷ್ಟು ಹತ್ತಿರ ನಡೆದರೂ ಅವರು ಒಂದು ಸಲವೂ ತಿರುಗಿ ನೋಡಲಿಲ್ಲ. ನಾನು ಕೆಮ್ಮಿದರೆ ಬಲಗಡೆಯವರನ್ನು ನೋಡಿ, "ನೀರು ಬೇಕಾ?" ಎಂದು ಕೇಳುತ್ತಿದ್ದರು. ಸಂಜೆ ಹುಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ನಾನು ಸುತ್ತುಹಾಕಿ ಬಲಗಡೆಗೆ ಬರುತ್ತಿದ್ದೆ. "ಓ, ಬಂದ್ಯಾ? ನಡಿ ಹೋಗಾಣ" ಎನ್ನುತ್ತಿದ್ದರು. ದಿನವಿಡೀ ಪಕ್ಕದಲ್ಲಿದ್ದವಳು ಆ ಗಳಿಗೆಯಲ್ಲಿ ಹುಟ್ಟುತ್ತಿದ್ದೆ. ಮೊದಲ ದಿನ ನಗು ಬಂತು. ಎರಡನೆಯ ವಾರಕ್ಕೆ ಕೋಪ ಬಂತು. ತಿಳಿದೂ ತಿಳಿದೂ ಕೋಪ. ರಾತ್ರಿ ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ನನ್ನ ತಲೆಯೊಳಗಿನ ಜೀವಶಾಸ್ತ್ರ ನನ್ನ ಹೊಟ್ಟೆಯವರೆಗೂ ಇಳಿಯಲಿಲ್ಲ. ಕಟ್ಟಿಕೊಂಡ ಗಂಡನ ಲೋಕದಲ್ಲಿ ನಾನಿಲ್ಲ ಎಂದರೆ ಯಾವ ಹೆಂಗಸಿಗೆ ಸಹಿಸಲು ಸಾಧ್ಯ, ಅದು ನರದ ದೋಷವೇ ಆಗಲಿ?

ಇಪ್ಪತ್ತೆರಡನೆಯ ದಿನ ಪಡುವಣ ಗೋಡೆಯ ಹತ್ತಿರ ಒಂದು ಸಂಸಾರಕ್ಕೆ ಅವರು ಮೇಲಿನ ಸಾಲಿನ ಯಾವುದೋ ವಿಗ್ರಹ ತೋರಿಸುತ್ತಿದ್ದರು. ಮೇಲಿನದು ಕಾಣಬೇಕಾದರೆ ಹಿಂದೆ ಸರಿದು ನೋಡಬೇಕು. "ಸ್ವಲ್ಪ ಜಾಗ ಬಿಟ್ಟು ನಿಂತ್ಕೊಳ್ಳಿ, ಆಗ ಮುಖ ಕಾಣ್ತದೆ" ಎನ್ನುತ್ತಾ ತಾವೂ ಎಡಕ್ಕೆ ಎರಡು ಹೆಜ್ಜೆ ಇಟ್ಟರು. ಆ ಎರಡು ಹೆಜ್ಜೆಯ ಜಾಗದಲ್ಲಿ ನಾನಿದ್ದೆ. ಅವರ ಭುಜ ನನ್ನ ಎದೆಗೆ ಬಡಿಯಿತು. ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಕೆಳಗೆ ಬಿದ್ದೆ. ಎಡಗೈ ಮೈಕೆಳಗೆ ಸಿಕ್ಕಿ ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು.

ಆ ಸಂಸಾರದ ಹೆಂಗಸು, "ಅಯ್ಯೋ, ಯಾರೋ ಬಿದ್ರು" ಎಂದು ಕೂಗಿದಳು. ಬಿದ್ದಲ್ಲಿಂದಲೇ ನನಗೆ ಅವರು ಕಾಣುತ್ತಿದ್ದರು. ಅವರು ಗಾಬರಿಯಾಗಿ ಬಲಗಡೆಗೆ ತಿರುಗಿದರು. ಬಲಕ್ಕೆ ಗೋಡೆ. ಇನ್ನೂ ಬಲಕ್ಕೆ ತಿರುಗಿ, ಬಂದ ದಾರಿಯನ್ನೆಲ್ಲ ಹುಡುಕಿದರು. "ಎಲ್ಲಿ? ಯಾರೂ ಇಲ್ವಲ್ಲಮ್ಮ" ಎಂದರು. ಕಿರಿಯ ಗೈಡ್ ಕೆಳಗಿನಿಂದ ಓಡಿಬಂದು ನನ್ನನ್ನು ಎಬ್ಬಿಸಿದ. ಅವನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದೆ. "ಏನಿಲ್ಲ ಅಣ್ಣಾ, ಯಾರೋ ಪ್ರವಾಸಿ. ನೋಡ್ಕೋತೀನಿ" ಎಂದ ಅವನು. ಅವರು ಮೂಲೆ ತಿರುಗಿ ಮುಂದೆ ಹೋದರು. ಮುಂದಿನ ಶಿಲ್ಪದ ವಿವರಣೆ ಶುರುವಾದದ್ದು ನನಗೆ ಕೇಳಿಸಿತು. ಧ್ವನಿಯಲ್ಲಿ ಒಂದಿಷ್ಟೂ ಏರುಪೇರಿಲ್ಲ. ಅಲ್ಲಿ ಕೂತು ನಾನು ಅಳತೊಡಗಿದೆ, ಕೈ ನೋವಿಗಲ್ಲ.

ಬೇಲೂರಿನಲ್ಲಿ ಎಕ್ಸ್‌ರೇ ತೆಗೆದರು. ಕೂದಲೆಳೆಯಷ್ಟು ಬಿರುಕು, ಆರು ವಾರ ಪ್ಲಾಸ್ಟರ್ ಕಟ್ಟು ಎಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಯೋಚನೆ ಒಂದೇ. ಇವತ್ತು ನಾನು ಬಿದ್ದೆ. ನಾಳೆ ಯಾರದೋ ಮನೆಯ ಅಜ್ಜಿ ಆ ಎರಡು ಹೆಜ್ಜೆಯ ಜಾಗದಲ್ಲಿ ನಿಂತಿದ್ದರೆ? ಇನ್ನು ಸುಲಭದ ದಾರಿ ಉಳಿದಿರಲಿಲ್ಲ. ಆ ರಾತ್ರಿ ಮಾತ್ರ ಕಟ್ಟು ಹಾಕಿದ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಅವರ ಎಡಕ್ಕೇ ಓಡಾಡಿದೆ.

ಮಾರನೆಯ ದಿನ ಬೆಳಿಗ್ಗೆ ಅವರು ಕೆಲಸದ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಬ್ಯಾಡ್ಜು ಕೊರಳಿನಲ್ಲಿತ್ತು. ನಾನು ಪಕ್ಕದಲ್ಲಿ ಕೂತೆ. ಅಷ್ಟು ದಿನದ ರೂಢಿ, ಎಡಕ್ಕೇ ಕೂತುಬಿಟ್ಟಿದ್ದೆ.

"ರೀ" ಎಂದೆ.

"ಒಳಗಿಂದ್ಲೇ ಹೇಳು, ಕೇಳಿಸ್ತದೆ" ಎಂದರು ಬಲಕ್ಕಿದ್ದ ಬಾಗಿಲಿನ ಕಡೆ ನೋಡಿ.

"ಕಣ್ಣು ಮುಚ್ಚಿ ಕೂತ್ಕೊಳ್ಳಿ. ಒಂದು ಕೇಳ್ತೀನಿ. ನಂದಿಗಳ ನಡುವೆ ನಿಂತು ದೇವಸ್ಥಾನದ ಕಡೆ ನೋಡ್ತಾ ಇದ್ದೀರಿ. ಕಾಣೋದನ್ನೆಲ್ಲ ಹೇಳಿ."

ಬೆಳಿಗ್ಗೆ ಬೆಳಿಗ್ಗೆ ಇವಳಿಗೇನು ಬಂತು ಎಂದುಕೊಂಡಿರಬೇಕು, ಆದರೂ ಕಣ್ಣು ಮುಚ್ಚಿದರು. ದೇವಸ್ಥಾನದ ಮಾತು ಬಂದರೆ ಅವರು ಬೇಡ ಎನ್ನುವವರಲ್ಲ. ಬಾಗಿಲು ಹೇಳಿದರು, ಬಾಗಿಲ ಪಕ್ಕದ ಜಾಲಂಧ್ರದ ಕಲ್ಲುಕಿಟಕಿ ಹೇಳಿದರು, ಒಳಗಿನ ಕಂಬಗಳು, ಬಡಗಣ ಗರ್ಭಗುಡಿಯ ಲಿಂಗ, ಬಡಗಣ ನಂದಿ, ಬಡಗಣ ಮೂಲೆಯ ಗೋಡೆ.

"ಇನ್ನು?"

"ಇನ್ನೇನು, ಅಷ್ಟೇ."

"ಸರಿ. ಈಗ ಒಳಗಿಂದ ಹೊರಗೆ ನೋಡ್ತಾ ನಿಂತ್ಕೊಳ್ಳಿ. ದೇವರಿಗೆ ಬೆನ್ನು, ನಂದಿಗೆ ಮುಖ. ಈಗ ಹೇಳಿ."

ಈಗ ತೆಂಕಣದ ಗರ್ಭಗುಡಿ ಬಂತು. ತೆಂಕಣದ ನಂದಿ ಬಂತು, ಅದರ ಹಿಂದಿನ ಸೂರ್ಯನ ಗುಡಿ ಬಂತು, ಆಗ ಹೇಳದೇ ಬಿಟ್ಟ ಕಂಬಗಳು ಬಂದವು. ಬಡಗಣದ್ದು ಒಂದೂ ಬರಲಿಲ್ಲ. ಮೂವತ್ತು ವರ್ಷ ನೋಡಿದ್ದು ತಲೆಯೊಳಗೆ ಹಾಗೇ ಇತ್ತು. ಆದರೆ ಅವರು ಯಾವ ಕಡೆ ಮುಖ ಮಾಡಿದರೂ ಅದರ ಎಡಭಾಗಕ್ಕೆ ಹೋಗಲು ದಾರಿ ಇರಲಿಲ್ಲ. ಕಣ್ಣು ಮುಚ್ಚಿದ್ದವು, ನೆನಪಿನಲ್ಲಿ ಕೂಡ ಅರ್ಧ. ಲೋಕ ಹೊರಗಿದೆಯೋ ಒಳಗಿದೆಯೋ ಎಂದು ಜನ ಸಾವಿರಾರು ವರ್ಷ ಜಗಳವಾಡಿದ್ದಾರೆ. ಆ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಎರಡೂ ಕಡೆ ಒಂದೇ ಗೆರೆಗೆ ಕೊಯ್ದು ಇಟ್ಟಿತ್ತು.

"ಅದು ಎಂಥ ದೇವಸ್ಥಾನ?" ಎಂದು ಕೇಳಿದೆ.

"ಜೋಡಿ ದೇವಸ್ಥಾನ" ಎಂದರು ಥಟ್ಟನೆ. "ಎರಡು ಗರ್ಭಗುಡಿ, ಎರಡು ಲಿಂಗ, ಎರಡು ನಂದಿ."

"ಮೊದಲನೇ ಸಲ ಎಷ್ಟು ಲಿಂಗ ಹೇಳಿದ್ರಿ?"

ಅವರು ಬೆರಳು ಮಡಿಸಿದರು, ಬಿಡಿಸಿದರು. ಕಣ್ಣು ಮತ್ತೆ ಗಟ್ಟಿಯಾಗಿ ಮುಚ್ಚಿಕೊಂಡರು, ತುಟಿ ಅಲ್ಲಾಡುತ್ತಿತ್ತು. ಬಾಗಿಲಿನಿಂದ ಮತ್ತೆ ಶುರುಮಾಡಿ ಒಳಗೆಲ್ಲ ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಕಾಫಿ ಆರಿಹೋಯಿತು.

"ಒಂದೇ ಐತೆ ಕಣೇ" ಎಂದರು ಕೊನೆಗೆ. "ಎರಡಿರಬೇಕು. ಒಂದೇ ಕಾಣ್ತೈತೆ. ಇನ್ನೊಂದು ಎಲ್ಲೋಯ್ತು?"

"ಎಲ್ಲೂ ಹೋಗಿಲ್ಲ. ಅಲ್ಲೇ ಇದೆ."

ಡಾಕ್ಟರು ಹೇಳಿದ್ದು, ನಾನು ಹೇಳಿದ್ದು ಯಾವುದೂ ಮುಟ್ಟದ ಜಾಗಕ್ಕೆ ಅವರ ಬಾಯಿಯಿಂದಲೇ ಬಂದ ಲೆಕ್ಕ ಮುಟ್ಟಿತ್ತು. ಆ ಜೋಡಿ ಎಂಬ ಮಾತನ್ನು ಅವರು ಅದೆಷ್ಟು ಸಾವಿರ ಜನಕ್ಕೆ ಹೇಳಿದ್ದರೋ. ಕಣ್ಣಿಗಿಂತ ಆ ಮಾತಿನ ಮೇಲೆ ಅವರಿಗೆ ನಂಬಿಕೆ ಜಾಸ್ತಿ.

"ಹಂಗಾದ್ರೆ ನಿನ್ನೆ ಬಿದ್ದೋರು ಅಲ್ಲೇ ಇದ್ರಾ?" ಎಂದು ಕೇಳಿದರು. "ನಾನು ಹುಡುಕಿದೆ. ಯಾರೂ ಇರ್ಲಿಲ್ಲ. ಯಾರದು?"

"ನಾನು."

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ಇನ್ನೂ ಬಲಕ್ಕೆ ನೋಡಿದರು. ನಾನು ಸುಮ್ಮನೆ ಕೂರಲಾರದೆ, ಒಳ್ಳೆಯ ಕೈಯಿಂದ ಅವರ ಗದ್ದ ಹಿಡಿದು, ನಿಧಾನವಾಗಿ, ಮಗುವಿನ ಮುಖ ತಿರುಗಿಸುವ ಹಾಗೆ ನನ್ನ ಕಡೆ ತಿರುಗಿಸಿದೆ. ಕಟ್ಟು ಹಾಕಿದ ಕೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನೀನು ಯಾವಾಗಿಂದ ಇಲ್ಲಿದ್ದೀಯ?"

"ಕಟ್ಟೆ ಮೇಲೆ ಇಪ್ಪತ್ತೆರಡು ದಿನದಿಂದ. ದಿನಾ, ಎಲ್ಲಾ ಸುತ್ತೂ."

ಅವರು ಕೊರಳಿನ ಬ್ಯಾಡ್ಜು ತೆಗೆದು ನನ್ನ ಮಡಿಲಲ್ಲಿಟ್ಟರು. ಅವರ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ಮೂವತ್ತು ವರ್ಷದಲ್ಲಿ ಒಂದಿನಾನೂ ನನ್ನ ಜೊತೆ ಒಂದು ಸುತ್ತು ಬರಲಿಲ್ಲ ಇವಳು, ಈಗ ಸಾಯಂಗಾಗಿ ಎದ್ದ ಮೇಲಾದ್ರೂ ಬತ್ತಾಳೇನೋ ಅಂತ ಕಾಯ್ತಿದ್ದೆ" ಎಂದರು. "ಈ ಇಪ್ಪತ್ತೆರಡು ದಿನಾನೂ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೇ ನಡದೆ ಕಣೇ."